ಶಾಸಕನ ಪೀಠವೂ ಮತದಾರನ ಋಣವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಸಭೆಯಲ್ಲಿ ಚುನಾವಣೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಆಶಂಕಿಸಬಹುದು. ಆಶಂಕೆಯು ಸಹಜವೇ ಆಗಿದೆ. ಆದರೆ ಈ ಮಂಟಪದಲ್ಲಿ ಕುಳಿತವರೆಲ್ಲ ಭಕ್ತರಾಗಿರುವಂತೆ ಮತದಾರರೂ ಆಗಿರುವಿರಿ. ಐದು ವರುಷಗಳಿಗೊಮ್ಮೆ ಒಬ್ಬ ಮನುಷ್ಯನನ್ನು ಆರಿಸಿ, ನಿಮ್ಮ ಕಾಲುವೆಯ ನೀರು, ನಿಮ್ಮ ಮಕ್ಕಳ ಶಾಲೆ, ನಿಮ್ಮೂರ ದಾರಿ, ನಿಮ್ಮ ಆಸ್ಪತ್ರೆ ಇವೆಲ್ಲವುಗಳ ಮಾತನ್ನು ಆತನ ನಾಲಗೆಗೆ ಒಪ್ಪಿಸುವಿರಿ. ಇಂಥ ಹೊಣೆಯ ವಿಚಾರವು ಧರ್ಮಸಭೆಗೆ ಹೊರತಾದದ್ದೆಂದು ನಾನು ತಿಳಿಯಲಾರೆನು. ಯಾವ ಪಕ್ಷದ ಪರವಾಗಿಯೂ ಮಾತನಾಡಲು ನಾನು ನಿಂತಿಲ್ಲ. ರಾಯಚೂರು, ದೇವದುರ್ಗ, ಮಾನವಿಗಳಲ್ಲಿ ನಡೆದುಹೋದ ಚುನಾವಣೆಗಳ ವೃತ್ತಾಂತದಿಂದ ಒಂದೇ ಮಾತನ್ನು ತಮ್ಮ ಅವಗಾಹನೆಗೆ ತರಬಯಸುವೆನು. ಶಾಸಕನ ಪೀಠವು ಒಂದು ಮನೆಗಾಗಲಿ, ಒಂದು ಜಾತಿಗಾಗಲಿ, ಒಂದು ಪಕ್ಷಕ್ಕಾಗಲಿ ಸೇರಿದ ಸೊತ್ತಲ್ಲ; ಅದು ಮತದಾರನು ಅವಧಿ ಕಟ್ಟಿ ಕೊಟ್ಟ ಕಡ.

ಮೊದಲು ನಮ್ಮ ಹಿರಿಯರ ಸ್ಥಿತಿಯನ್ನು ನೆನೆಯೋಣ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯೆಂಬುದೊಂದು ಏರ್ಪಟ್ಟಿತ್ತು. ನಿಜಾಮರ ಆಳಿಕೆಗೆ ಒಳಪಟ್ಟಿದ್ದ ನಮ್ಮ ರಾಯಚೂರು ಸೀಮೆಯಲ್ಲಾದರೋ ಸಾಮಾನ್ಯ ರೈತನಿಗೂ ಕೂಲಿಕಾರನಿಗೂ ತನ್ನನ್ನು ಆಳುವವರನ್ನು ಆರಿಸುವ ಅಧಿಕಾರವೇ ಇದ್ದಿಲ್ಲ. 1948ನೆಯ ಸೆಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಲ್ಲಿ ಸಂವಿಧಾನವು ಜಾರಿಗೆ ಬಂದಿತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ನಮ್ಮವರು ಹೈದರಾಬಾದಿನ ವಿಧಾನಸಭೆಗೆ ಸದಸ್ಯರನ್ನು ಆರಿಸಿ ಕಳಿಸಿದರು. 1956ನೆಯ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಕೂಡಿತು. ದೇಸಾಯಿಯೂ ಜೀತಗಾರನೂ, ಅತ್ತೆಯೂ ಸೊಸೆಯೂ, ಓದಿದವನೂ ಹೆಬ್ಬೆಟ್ಟೊತ್ತುವವನೂ ಒಂದೊಂದೇ ಮತವನ್ನುಳ್ಳವರಾಗಿ ಒಂದೇ ಸಾಲಿನಲ್ಲಿ ನಿಂತದ್ದು ಈ ನೆಲದ ಇತಿಹಾಸದಲ್ಲಿ ಅದೇ ಮೊದಲು. ಇಷ್ಟು ತಡವಾಗಿ ಕೈಗೆ ಬಂದ ವಸ್ತುವಿನ ಬೆಲೆಯನ್ನು ನಾವು ಇಷ್ಟು ಬೇಗನೆ ಮರೆಯತಕ್ಕದ್ದಲ್ಲ.

ಆ ಬೆಲೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ದೇವದುರ್ಗ ತಾಲೂಕಿನ ಅರಕೇರಾದ ಎ. ವೆಂಕಟೇಶ ನಾಯಕರ ಸಾರ್ವಜನಿಕ ಜೀವನವನ್ನು ನೋಡಿದರೆ ಸಾಕು. ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಅವರು 1991ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಆರಿಸಿ ಬಂದರು. 1996ರಲ್ಲಿ ಆ ಸ್ಥಾನವು ಜನತಾ ದಳದ ರಾಜಾ ರಂಗಪ್ಪ ನಾಯಕರ ಪಾಲಾಯಿತು. ಎರಡೇ ವರುಷಗಳಲ್ಲಿ, 1998ರಲ್ಲಿ, ಜನರು ವೆಂಕಟೇಶ ನಾಯಕರನ್ನು ಮರಳಿ ಕರೆದರು, 1999ರಲ್ಲಿಯೂ ಕೈಹಿಡಿದರು, 2004ರಲ್ಲಿ ನಾಲ್ಕನೆಯ ಸಲ ದಿಲ್ಲಿಗೆ ಕಳಿಸಿದರು.

ಈ 2004ರ ಗೆಲುವು ಎಂಥದು? ಲಕ್ಷಾಂತರ ಮತಗಳನ್ನು ಎಣಿಸಿದ ಮೇಲೆ ಉಳಿದ ಅಂತರವು ಕೇವಲ 508. ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿರುವವು. ಆ 508ನ್ನು ಎಂಟಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಅರವತ್ತುನಾಲ್ಕು ಮತಗಳೂ ಪೂರ್ತಿಯಾಗಿ ಬೀಳುವದಿಲ್ಲ. ನಮ್ಮ ಹಳ್ಳಿಯ ತೇರಿನ ಮಿಣಿ ಹಿಡಿದು ಎಳೆಯುವ ಜನವೇ ಇದಕ್ಕಿಂತ ಹೆಚ್ಚು! "ನನ್ನೊಬ್ಬನ ಮತದಿಂದ ಆಗುವದೇನು?" ಎಂದು ಅಂದು ಕಟ್ಟೆಯ ಮೇಲೆಯೇ ಕುಳಿತು ಉಳಿದವರು ಎಷ್ಟು ಜನರಿದ್ದರೋ! ಅವರು ಎದ್ದು ನಾಲ್ಕು ಹೆಜ್ಜೆ ನಡೆದಿದ್ದರೆ ಫಲವು ಒಂದೋ ದೃಢವಾಗುತ್ತಿತ್ತು, ಇಲ್ಲವೇ ತಿರುವುಮುರುವಾಗುತ್ತಿತ್ತು. ಇದು ಒಂದೇ ಸಲದ ಮಾತೆಂದು ತಿಳಿಯಬೇಡಿರಿ. 2014ರಲ್ಲಿ ವೆಂಕಟೇಶ ನಾಯಕರ ಮಗ ಬಿ. ವಿ. ನಾಯಕರು ಅದೇ ಸ್ಥಾನವನ್ನು ಭಾರತೀಯ ಜನತಾ ಪಕ್ಷದ ಕೆ. ಶಿವನಗೌಡ ನಾಯಕರ ಮೇಲೆ 1,499 ಮತಗಳಿಂದ ಗೆದ್ದರು. ಹತ್ತು ವರುಷಗಳಲ್ಲಿ ಎರಡು ಸಲ ಈ ಜಿಲ್ಲೆಯ ಹಣೆಬರಹವನ್ನು ಒಂದೆರಡು ಊರುಗಳ ಜನಸಂಖ್ಯೆಯು ತೀರ್ಮಾನಿಸಿತೆಂಬುದನ್ನು ನೆನಪಿನಲ್ಲಿಡಿರಿ.

ಇನ್ನು ಮೀಸಲಾತಿಯ ಮಾತು. ಇದನ್ನು ಈ ಸಭೆಯಲ್ಲಿ ಮುಚ್ಚಿಡದೆ ಆಡುವದು ಒಳ್ಳೆಯದು. 2001ರ ಜನಗಣತಿಯ ಆಧಾರದ ಮೇಲೆ 2008ರಲ್ಲಿ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಹಾಕಿದರು. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮಾಂತರ, ಮಾನವಿ, ದೇವದುರ್ಗ, ಮಸ್ಕಿ ಈ ನಾಲ್ಕು ಪರಿಶಿಷ್ಟ ಪಂಗಡಗಳಿಗೂ, ಲಿಂಗಸುಗೂರು ಪರಿಶಿಷ್ಟ ಜಾತಿಗಳಿಗೂ ಮೀಸಲಾದವು. ರಾಯಚೂರು ನಗರ, ಸಿಂಧನೂರುಗಳು ಸಾಮಾನ್ಯ ಕ್ಷೇತ್ರಗಳಾಗಿ ಉಳಿದವು. ಲೋಕಸಭೆಯ ಸ್ಥಾನವೂ 2009ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಇದರ ಮೂಲವನ್ನು ನೋಡಿದರೆ, 1991ರ ಕಾನೂನಿನಿಂದ ನಾಯಕ, ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದ್ದವು. ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳು ದೊರೆಯತಕ್ಕವೆಂದು ಸಂವಿಧಾನವೇ ವಿಧಿಸಿದೆ.

"ನಮ್ಮವರು ನಿಲ್ಲುವಂತಿಲ್ಲ, ನಮಗೇನು ಕೆಲಸ?" ಎಂಬ ಗೊಣಗು ಅಲ್ಲಲ್ಲಿ ನನ್ನ ಕಿವಿಗೆ ಬಿದ್ದಿದೆ. ಬಂಧುಗಳೆ, ಇದು ನ್ಯಾಯವಾದ ಮಾತಲ್ಲ. ಮೀಸಲಾತಿಯು ಅಭ್ಯರ್ಥಿಗೆ ಮಾತ್ರ, ಮತವು ಎಲ್ಲರದು. ನೂರಾರು ವರುಷ ಬಾಗಿಲ ಹೊರಗೆ ನಿಂತವನಿಗೆ ಒಂದು ಮಣೆ ಹಾಕಿದ್ದರಿಂದ ಒಳಗೆ ಕುಳಿತವನ ಊಟವು ಕಡಿಮೆಯಾಗುವದಿಲ್ಲ. ದೇವದುರ್ಗವು ಈ ಮೊದಲು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಾಲದಲ್ಲಿ, 1994ರಲ್ಲಿ, ಬೇರೆ ಜಿಲ್ಲೆಯಲ್ಲಿ ಹುಟ್ಟಿದ ಲಂಬಾಣಿ ಸಮಾಜದ ಲೇಖಕಿ ಬಿ. ಟಿ. ಲಲಿತಾ ನಾಯಕರನ್ನು ಜನತಾ ದಳದಿಂದ ಆರಿಸಿ ಕಳಿಸಿತು. ಅವರು ಮಂತ್ರಿಪದವಿಯನ್ನೂ ನಿರ್ವಹಿಸಿದರು. ಆರಿಸಿದವರು ಒಂದೇ ಸಮಾಜದವರಾಗಿರಲಿಲ್ಲ. ಆರಿಸಿ ಬಂದವನು ತನ್ನ ಸಮಾಜದ ಶಾಸಕನಲ್ಲ, ಕ್ಷೇತ್ರದ ಶಾಸಕನು. ಆತನನ್ನು ಕೇಳುವ ಹಕ್ಕು ನಿಮಗೆಷ್ಟಿದೆಯೋ, ಆತನು ನಿಮ್ಮನ್ನು ತನ್ನವರೆಂದು ತಿಳಿಯುವ ಹೊಣೆಯೂ ಅಷ್ಟೇ ಇದೆ.

ಮತ್ತೆ ವೆಂಕಟೇಶ ನಾಯಕರ ವೃತ್ತಾಂತಕ್ಕೆ ಬರುವೆನು. ನಾಲ್ಕು ಸಲ ಲೋಕಸಭೆಯನ್ನು ಕಂಡವರು ವೃದ್ಧಾಪ್ಯದಲ್ಲಿ, 2013ರಲ್ಲಿ, ತಮ್ಮ ತಾಲೂಕಿನಿಂದಲೇ ವಿಧಾನಸಭೆಗೆ ನಿಂತು ಗೆದ್ದರು. ದೊಡ್ಡ ಸಭೆಯಿಂದ ಚಿಕ್ಕ ಸಭೆಗೆ ಬರುವದು ಇಳಿಕೆಯೆಂದು ಕೆಲವರು ಎಣಿಸುವರು. ಆದರೆ ಊರ ಕೆರೆಯ ತೂಬನ್ನೂ ಶಾಲೆಯ ಮಾಡನ್ನೂ ದಿಲ್ಲಿಯಿಂದ ಸರಿಪಡಿಸುವದಕ್ಕಿಂತ ರಾಜ್ಯದ ರಾಜಧಾನಿಯಿಂದ ಸರಿಪಡಿಸುವದು ಸುಲಭ. 2015ನೆಯ ಆಗಸ್ಟ 24ರ ಬೆಳಗಿನ ಜಾವದಲ್ಲಿ ಅವರು ಬೆಂಗಳೂರು–ನಾಂದೇಡ ರೈಲಿನಲ್ಲಿ ಬರುತ್ತಿರುವಾಗ, ಆಂಧ್ರಪ್ರದೇಶದ ಪೆನುಕೊಂಡೆಯ ಹತ್ತಿರದ ಗೇಟಿನಲ್ಲಿ ಗ್ರಾನೈಟ ಕಲ್ಲು ಹೊತ್ತ ಲಾರಿಯೊಂದು ಗಾಡಿಗೆ ಬಡಿದು, ಇನ್ನೂ ಕೆಲವರೊಡನೆ ಅವರೂ ತೀರಿಕೊಂಡರು. ಪಕ್ಷಭೇದವಿಲ್ಲದೆ ಜಿಲ್ಲೆಯು ಕಣ್ಣೀರಿಟ್ಟಿತು. ಶಾಸಕನ ಆಯುಷ್ಯದಲ್ಲಿ ಎಷ್ಟು ರಾತ್ರಿಗಳು ರಾಜಧಾನಿಗೂ ಊರಿಗೂ ನಡುವಿನ ದಾರಿಯಲ್ಲಿಯೇ ಸವೆದುಹೋಗುವವೆಂಬುದನ್ನು ನಾವು ಅಪರೂಪವಾಗಿ ನೆನೆಯುತ್ತೇವೆ.

ತರುವಾಯ ನಡೆದದ್ದು ವಿಚಾರಾರ್ಹವಾಗಿದೆ. 2016ನೆಯ ಫೆಬ್ರುವರಿಯ ಉಪಚುನಾವಣೆಯಲ್ಲಿ ಕಾಂಗ್ರೆಸ್ಸು ಅವರ ಇನ್ನೊಬ್ಬ ಮಗ ಎ. ರಾಜಶೇಖರ ನಾಯಕರನ್ನು ನಿಲ್ಲಿಸಿತು. ಮರಣದ ದುಃಖವು ಇನ್ನೂ ಹಸಿಯಾಗಿತ್ತು. ರಾಜ್ಯದಲ್ಲಿ ಆಳುವ ಪಕ್ಷವೂ ಅದೇ ಆಗಿತ್ತು. ಆದಾಗ್ಯೂ ದೇವದುರ್ಗದ ಮತದಾರರು ಶಿವನಗೌಡ ನಾಯಕರನ್ನು ಆರಿಸಿದರು. ತೀರಿಕೊಂಡವರ ಮೇಲಿನ ಗೌರವ ಬೇರೆ, ಪೀಠದ ಹಂಚಿಕೆ ಬೇರೆ ಎಂದು ಅವರು ಬಗೆದಂತಿದೆ. ಅತ್ತ ಲೋಕಸಭೆಯಲ್ಲಿ ಬಿ. ವಿ. ನಾಯಕರು 2019ರಲ್ಲಿ ರಾಜಾ ಅಮರೇಶ್ವರ ನಾಯಕರಿಗೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ಮಾನವಿಯಲ್ಲಿ ನಿಂತಾಗ, ಜನರು ಕಾಂಗ್ರೆಸ್ಸಿನ ಜಿ. ಹಂಪಯ್ಯ ನಾಯಕರನ್ನು ಆರಿಸಿದರು. ಈ ಹಂಪಯ್ಯ ನಾಯಕರನ್ನು ಮಾನವಿಯು 2008ರಲ್ಲಿಯೂ 2013ರಲ್ಲಿಯೂ ಗೆಲ್ಲಿಸಿ, 2018ರಲ್ಲಿ ಕೆಳಗಿಳಿಸಿ ಜಾತ್ಯತೀತ ಜನತಾ ದಳದ ರಾಜಾ ವೆಂಕಟಪ್ಪ ನಾಯಕರನ್ನು ಕೂಡ್ರಿಸಿ, ಪುನಃ 2023ರಲ್ಲಿ ಮೇಲಕ್ಕೆತ್ತಿತು.

ವಿರಕ್ತಪರಂಪರೆಯನ್ನು ಬಲ್ಲ ತಮಗೆ ಇದರ ಮರ್ಮವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಲ್ಲಿ ಪೀಠವು ರಕ್ತಸಂಬಂಧದಿಂದ ಇಳಿದು ಬರುವದಿಲ್ಲ. ಯೋಗ್ಯತೆಯನ್ನು ಕಂಡು ಒಪ್ಪಿಸುವದು. ತಂದೆಯ ಹೆಸರು ಮಗನಿಗೆ ಬಾಗಿಲವರೆಗೆ ದೀಪ ಹಿಡಿಯಬಲ್ಲದು. ಒಳಗೆ ಕುಳ್ಳಿರಿಸುವವರು ಬೇರೆ.

ಪಕ್ಷದ ಮಾತೂ ಇದೇ ತೆರನಾದದ್ದು. 2008ನೆಯ ಮೇ ತಿಂಗಳಲ್ಲಿ ಶಿವನಗೌಡ ನಾಯಕರು ದೇವದುರ್ಗದಿಂದ ಜಾತ್ಯತೀತ ಜನತಾ ದಳದ ಅಭ್ಯರ್ಥಿಯಾಗಿ ಗೆದ್ದರು. ಕೆಲವು ತಿಂಗಳುಗಳಲ್ಲಿಯೇ ರಾಜೀನಾಮೆಯಿತ್ತು ಪಕ್ಷ ಬದಲಿಸಿ, ಅದೇ ಡಿಸೆಂಬರದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಗೆದ್ದ ಪಕ್ಷವನ್ನು ತ್ಯಜಿಸಿದವನು ಸದಸ್ಯತ್ವವನ್ನು ಕಳೆದುಕೊಳ್ಳತಕ್ಕದ್ದೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು ಹೇಳುವದು. ರಾಜೀನಾಮೆಯಿತ್ತು ಪುನಃ ಜನರ ಮುಂದೆ ನಿಲ್ಲುವದನ್ನು ಅದು ತಡೆಯುವದಿಲ್ಲ. ಇದು ಸರಿಯೋ ತಪ್ಪೋ ಎಂಬ ಚರ್ಚೆಯು ಪಂಡಿತರಿಗಿರಲಿ. ಮತದಾರನ ನಡೆಯನ್ನಷ್ಟು ನೋಡಿರಿ. ಅಂದು ಒಪ್ಪಿದನು, 2013ರಲ್ಲಿ ಒಲ್ಲೆನೆಂದನು, 2016ರಲ್ಲಿಯೂ 2018ರಲ್ಲಿಯೂ ಮರಳಿ ಕರೆದನು, 2023ರಲ್ಲಿ ಜಾತ್ಯತೀತ ಜನತಾ ದಳದ ಕರೆಮ್ಮ ಜಿ. ನಾಯಕ ಎಂಬ ಹೆಣ್ಣುಮಗಳನ್ನು ಆರಿಸಿದನು. ರಾಯಚೂರು ನಗರದಲ್ಲಾದರೋ ವೈದ್ಯರಾದ ಎಸ್. ಶಿವರಾಜ ಪಾಟೀಲರು 2013ರಲ್ಲಿ ಒಂದು ಪಕ್ಷದಿಂದ, 2018ರಲ್ಲಿಯೂ 2023ರಲ್ಲಿಯೂ ಇನ್ನೊಂದು ಪಕ್ಷದಿಂದ ಗೆದ್ದು ಬಂದರು. ಒಂದೆಡೆ ಮನುಷ್ಯನು ನಿಂತನು, ಪಕ್ಷವು ಬದಲಾಯಿತು. ಇನ್ನೊಂದೆಡೆ ಇಬ್ಬರೂ ಬದಲಾದರು. ತೂಗುವ ಕೈ ಮಾತ್ರ ಮತದಾರನದು.

ಹಾಗಾದರೆ ಈ ಕಡವನ್ನು ತೀರಿಸುವ ಬಗೆ ಯಾವುದು? ನಮ್ಮದು ಕೃಷ್ಣೆ ತುಂಗಭದ್ರೆಗಳ ನಡುವಿನ ನಾಡು. ಎರಡು ಹೊಳೆಗಳ ನಡುವೆ ಇದ್ದೂ ಬಾಯಾರಿದ ಹೊಲಗಳುಂಟು. ತುಂಗಭದ್ರೆಯ ಎಡದಂಡೆಯ ಕಾಲುವೆಯು 200 ಕಿಲೋಮೀಟರಿಗೂ ಮಿಕ್ಕು ಹರಿದು ಬರುವದು. ಹತ್ತಿ ಜೋಳಗಳಂಥ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ ಭಾಗಗಳಲ್ಲಿಯೂ ಮೇಲಿನವರು ಬತ್ತವನ್ನು ಹಚ್ಚಿದ್ದರಿಂದ, ಕೊನೆಯ ಭಾಗದ ಮಾನವಿ, ರಾಯಚೂರುಗಳ ರೈತನಿಗೆ ನೀರು ಸಾಲದಾಗುವದು. ದೇವದುರ್ಗದವರು ನಾರಾಯಣಪುರದ ಬಲದಂಡೆಯ ಕಾಲುವೆಯನ್ನು ಕಾಯುವರು. ಇಂಥಲ್ಲಿ ಶಾಸಕನ ಕೆಲಸವು ಮದುವೆ ಮುಂಜಿವೆಗಳಿಗೆ ಹೋಗಿ ಅಕ್ಷತೆ ಹಾಕುವದರಲ್ಲಿ ಮುಗಿಯದು. ಸದನದಲ್ಲಿ ಪ್ರಶ್ನೆ ಕೇಳುವದು, ಆಯವ್ಯಯದ ಲೆಕ್ಕವನ್ನು ಓದುವದು, ಕೊನೆಯ ತೂಬಿನವರೆಗೆ ನಡೆದು ನೋಡುವದು ಅವನ ನಿಜವಾದ ಕಾಯಕ. 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ ನಮ್ಮ ಸೀಮೆಗೆ 371ಜೆ ಎಂಬ ವಿಶೇಷ ವಿಧಿಯು ದೊರೆತು, ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ನಮ್ಮ ಮಕ್ಕಳಿಗೆ ಪಾಲು ನಿಗದಿಯಾಯಿತು. ಅದು ಬಹು ವರುಷಗಳ ಕೂಗಿನ ಫಲ. ಕೂಗಿದ್ದು ಜನರು, ಆ ಕೂಗನ್ನು ಕಾನೂನಾಗಿ ಮಾಡಿದ್ದು ಸಭೆ.

ಇಂಗ್ಲಂಡದ ಎಡ್ಮಂಡ ಬರ್ಕನು 1774ರಲ್ಲಿ ಬ್ರಿಸ್ಟಲ ನಗರದಿಂದ ಆರಿಸಿ ಬಂದಾಗ, ಪ್ರತಿನಿಧಿಯು ಮತದಾರರಿಗೆ ತನ್ನ ಶ್ರಮವನ್ನಷ್ಟೇ ಅಲ್ಲದೆ ತನ್ನ ಸ್ವಂತ ವಿವೇಕವನ್ನೂ ಸಲ್ಲಿಸತಕ್ಕವನೆಂದು ವಾದಿಸಿದನು. 1780ರಲ್ಲಿ ಬ್ರಿಸ್ಟಲಿನವರ ಒಲವು ತಪ್ಪಿತೆಂದು ಕಂಡು ಅಲ್ಲಿಯ ಕಣದಿಂದ ಹಿಂದೆಗೆದನು. ಎರಡೂ ಮಾತು ಸರಿಯೇ. ಶಾಸಕನು ವಿವೇಕದಿಂದ ನಡೆಯಲಿ. ಆ ವಿವೇಕವನ್ನು ಅಳೆಯುವ ಹಕ್ಕು ನಮ್ಮಲ್ಲಿಯೇ ಇರಲಿ.

ಆದರೆ ಅಳೆಯುವ ಕೊಳಗವೇ ತೂತಾದರೆ ಮಾಡುವದೇನು? ಮತದ ಹಿಂದಿನ ರಾತ್ರಿ ಒಂದು ನೋಟಿಗೆ, ಒಂದು ಸೀರೆಗೆ, ಒಂದು ಸೀಸೆಗೆ ತನ್ನ ಮತವನ್ನು ಮಾರಿದವನು ಐದು ವರುಷ ಲೆಕ್ಕ ಕೇಳುವ ಬಾಯನ್ನೂ ಅದರೊಡನೆಯೇ ಮಾರಿದಂತೆ. ಮಾರಿದ ಎತ್ತಿಗೆ ಹಗ್ಗ ಹಿಡಿದು ಎಳೆಯುವ ಅಧಿಕಾರವು ಉಳಿಯುವದಿಲ್ಲ. ದೂರುವದು ಸುಲಭ, ದೂರುವ ಯೋಗ್ಯತೆಯನ್ನು ಉಳಿಸಿಕೊಳ್ಳುವದು ಕಠಿನ.

ಆದಕಾರಣ ನನ್ನ ಅರಿಕೆಯಿಷ್ಟು. ಮತದ ದಿನ ಮನೆಯಲ್ಲಿ ಒಬ್ಬರೂ ಉಳಿಯಬೇಡಿರಿ. ನಿಂತವನ ಕುಲವನ್ನು ಕೇಳುವ ಮೊದಲು ಆತನು ಮಾಡಿದ ಕೆಲಸವನ್ನು ಕೇಳಿರಿ. ಗೆದ್ದವನು ನಿಮ್ಮ ಮತ ಪಡೆಯದವನಾದರೂ ಆತನನ್ನು ನಿಮ್ಮ ಶಾಸಕನೆಂದೇ ತಿಳಿದು ಸಭೆಗೆ ಕರೆಯಿರಿ, ಕಾಲುವೆಗೆ ಕರೆದೊಯ್ಯಿರಿ, ಲೆಕ್ಕ ಕೇಳಿರಿ. ಸೋತವನನ್ನು ಹೀಯಾಳಿಸಬೇಡಿರಿ, ಐದು ವರುಷಗಳಲ್ಲಿ ಅವನ ಬಾಗಿಲಿಗೆ ನೀವು ಹೋಗಬೇಕಾದೀತು, ನಿಮ್ಮ ಬಾಗಿಲಿಗೆ ಅವನು ಬಂದಾನು. ನಮ್ಮ ಜಿಲ್ಲೆಯ ಗೆಲವು 508ರ ಮೇಲೆ ನಿಂತದ್ದನ್ನು ಕಂಡವರು ನಾವು. ಆ 508ರೊಳಗೆ ಒಂದು ನನ್ನದು ಎಂದು ಪ್ರತಿಯೊಬ್ಬನೂ ಭಾವಿಸಿ ನಡೆಯಲಿ.