ಬಿಸಿ ಇಂಜಿನ್‌ಗೆ ಚೋಕ್ ಎಳೀಬ್ಯಾಡ್ರಿ: ಘಟಪ್ರಭಾ ಪ್ರವಾಹದಾಗ ಕಲಿತ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಗೋಕಾಕದಾಗ ಗ್ಯಾರೇಜ್ ಇಟ್ಟಾಂವ. ಬೈಕು, ಪಂಪ್‌ಸೆಟ್, ಔಷಧ ಹೊಡಿಯೋ ಮಷೀನು, ಇವೇ ನನ್ನ ದಿನದ ಕೆಲಸ. ಇವತ್ತು ಬೋಟ್ ಇಂಜಿನ್ ಬಗ್ಗೆ ಮಾತಾಡ್ತೀನಿ. ಸಮುದ್ರ ಇಲ್ಲದ ಊರಾಗ ಬೋಟ್ ಎಲ್ಲಿಂದ ಬಂತು ಅಂತೀರಾ? 2019ರ ಆಗಸ್ಟ್ ನೆನಪು ಮಾಡ್ಕೋರಿ.

ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು, ಅದರ ಜೊತೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು, ಎಲ್ಲಾ ಸೇರಿ ಘಟಪ್ರಭಾ ಉಕ್ಕಿ ಹರಿಯಿತು. ಲೋಳಸೂರ ಸೇತುವೆ ಮುಳುಗಿತು. ಗೋಕಾಕದ ತಗ್ಗಿನ ಓಣಿಗಳಲ್ಲಿ ಮನೆಯೊಳಗೇ ನೀರು. ಕೆಳಗೆ ಮೂಡಲಗಿ ಕಡೆ ಸುಣಧೋಳಿಯಂಥ ನದಿ ದಂಡಿ ಊರುಗಳದ್ದೂ ಅದೇ ಪಾಡು. ಆಗ ರಬ್ಬರ್ ಬೋಟುಗಳು ಬಂದವು. ಹಿಂದೆ ನೇತಾಡೋ ಇಂಜಿನ್, ಹಗ್ಗ ಜಗ್ಗಿ ಸ್ಟಾರ್ಟ್ ಮಾಡೋದು.

ಮುಂಜಾನೆ ಒಂದು ಬೋಟು ಎರಡೇ ಜಗ್ಗಿಗೆ ಚಾಲೂ ಆಯಿತು. ಎರಡು ಟ್ರಿಪ್ ಮಂದಿಯನ್ನ ದಂಡಿಗೆ ತಂದು ಬಿಟ್ಟು, ಇಂಜಿನ್ ಬಂದ್ ಮಾಡಿ, ಹತ್ತು ನಿಮಿಷ ನಿಂತರು. ಆಮೇಲೆ ಚಾಲೂ ಆಗವಲ್ದು. ಜಗ್ಗಿ ಜಗ್ಗಿ ಹುಡುಗನ ರಟ್ಟೆ ಸೋತವು. ಅತ್ತ ಒಂದು ಮನೆ ಮಾಳಿಗೆ ಮ್ಯಾಲ ಒಬ್ಬ ಆಯಿ, ಸೊಸೆ, ಎರಡು ಸಣ್ಣ ಹುಡುಗರು. ನೀರು ಏರ್ತಾನೇ ಇತ್ತು. ಯಾರೋ ನನ್ನನ್ನ ಕರೆದರು. "ಕಾಕಾ, ನೀವರ ನೋಡ್ರಿ."

ಖರೇ ಹೇಳ್ತೀನಿ, ಮೊದಲ ತಪ್ಪು ನಂದೇ. "ಚೋಕ್ ಹಾಕಿ ಜಗ್ಗೋ ತಮ್ಮಾ" ಅಂದೆ. ಹತ್ತು ಸಲ ಜಗ್ಗಿದ. ಪೆಟ್ರೋಲ್ ವಾಸನೆ ಗಮ್ ಅಂತ ಬಂತು. ಪ್ಲಗ್ ಬಿಚ್ಚಿದರೆ ಪೂರ್ತಿ ಹಸಿ. ಗ್ಯಾರೇಜ್ ಭಾಷೆಯಾಗ ಹೇಳೋದಾದರೆ, ಪೆಟ್ರೋಲ್ ಓವರ್ ಆಗಿತ್ತು.

ಯಾಕ ಹಿಂಗ ಆಗತೈತಿ? ಇಂಜಿನ್ ಓಡುವಾಗ ಪಂಪು ನದಿ ನೀರನ್ನೇ ಎಳೆದು ಅದನ್ನ ತಣ್ಣಗೆ ಇಡತೈತಿ. ಬಂದ್ ಮಾಡಿದ ಕೂಡಲೇ ನೀರು ನಿಂತಿತು, ಆದರೆ ಕಬ್ಬಿಣದೊಳಗಿನ ಕಾವು ಎಲ್ಲಿ ಹೋಗಬೇಕು? ಮೇಲೆ ಮುಚ್ಚಳ ಬೇರೆ ಇರತೈತಿ. ಆ ಕಾವು ಕಾರ್ಬೋರೇಟರ್‌ಗೆ ತಗಲಿ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಒಳಗೆ ತುಂಬತೈತಿ. ಮೊದಲೇ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಅಂದರೆ ಗಾಳಿ ಮುಚ್ಚೋದು. ಹೊಟ್ಟೆ ಬಿರಿಯೋ ಹಂಗ ಉಂಡಾಂವಗೆ ಮತ್ತೆರಡು ರೊಟ್ಟಿ ಬಡಿಸಿದಂಗಾತು.

2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. ಹಿಂಗಾಗಿ ನಿಮ್ಮಲ್ಲಿ ಬಹಳ ಮಂದಿ ಚೋಕ್ ಮುಟ್ಟಿಯೇ ಇರಲಿಕ್ಕಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಪ್ಲಗ್ ಬಿಚ್ಚಿ, ಇಂಜಿನ್‌ಗೆ ಕಿಡಿ ಹೋಗದಂಗ ಸ್ವಿಚ್ ಬಂದ್ ಇಟ್ಟು, ನಾಕೈದು ಸಲ ಹಗ್ಗ ಜಗ್ಗಿಸಿದೆ. ಒಳಗಿನ ಪೆಟ್ರೋಲ್ ಹೊರಗೆ ಬಂತು. ಪ್ಲಗ್ ಒರೆಸಿ ಹಾಕಿದೆ. ಗೇರ್ ನ್ಯೂಟ್ರಲ್, ಚೋಕ್ ಪೂರ್ತಿ ಬಂದ್, ಎಕ್ಸಲೇಟರ್ ಅರ್ಧಕ್ಕಿಂತ ಹೆಚ್ಚು ತೆರೆದೆ. ಮೂರನೇ ಜಗ್ಗಿಗೆ ಕೆಮ್ಮಿತು, ನಾಕನೇದಕ್ಕೆ ಹಿಡಿಯಿತು. ಹಿಡಿದ ತಕ್ಷಣ ಎಕ್ಸಲೇಟರ್ ಇಳಿಸಬೇಕು, ಇಲ್ಲಂದರೆ ಇಂಜಿನ್ ಹಾಳು. ಆಯಿ, ಸೊಸೆ, ಹುಡುಗರು ದಂಡಿ ಸೇರಿದರು. ನಡುವೆ ಹೋದದ್ದು ಅರ್ಧ ತಾಸು. ಅದರಲ್ಲಿ ಅರ್ಧ ನನ್ನ ಚೋಕಿನಿಂದಲೇ ಹೋಯಿತು ಅನ್ನೋದು ಇವತ್ತಿಗೂ ಮನಸ್ಸಿನಾಗ ಐತಿ.

ಹಂಗಾರ ಬಿಸಿ ಇಂಜಿನ್ ಹಟ ಹಿಡಿದರೆ ಏನು ನೋಡಬೇಕು? ಮೊದಲು ಪ್ಲಗ್. ಹಸಿ ಇದ್ದರೆ ಈಗ ಹೇಳಿದ ಉಪಾಯ. ಒಣಗಿದ್ದರೆ ಪೆಟ್ರೋಲ್ ಬರವಲ್ದು ಅಂತ ಅರ್ಥ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದೈತೇನು ನೋಡ್ರಿ. ಅದು ಮುಚ್ಚಿದ್ದರೆ ಸ್ವಲ್ಪ ಹೊತ್ತು ಓಡಿ ನಿಲ್ಲತೈತಿ. ಪೈಪಿನ ನಡುವಿನ ರಬ್ಬರ್ ಗುಂಡನ್ನ ಹಿಚುಕ್ರಿ. ಗಟ್ಟಿ ಆಗದಿದ್ದರೆ ಎಲ್ಲೋ ಗಾಳಿ ಎಳೀತೈತಿ.

ಇನ್ನೊಂದು, ಪ್ಲಗ್ ಸರಿ, ಪೆಟ್ರೋಲ್ ಸರಿ, ಆದರೂ ಬಿಸಿ ಆದಾಗಷ್ಟೇ ಕಿಡಿ ಮಾಯ, ತಣ್ಣಗಾದ ಮೇಲೆ ಮತ್ತೆ ಹಾಜರ್. ಆಗ ಕಾರ್ಬೋರೇಟರ್ ಬಿಚ್ಚಬ್ಯಾಡ್ರಿ, ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡ್ರಿ. ಕಿಡಿ ನೋಡುವಾಗ ಪ್ಲಗ್ಗನ್ನ ಸಿಲಿಂಡರ್ ತೂತಿನಿಂದ, ಚೆಲ್ಲಿದ ಪೆಟ್ರೋಲ್‌ನಿಂದ ದೂರ ಹಿಡೀರಿ. ಬೆಂಕಿ ಹತ್ತತೈತಿ.

ಇಂಜಿನ್ ಹಿಂದಿನಿಂದ ಪಿಚಕಾರಿ ಹಂಗ ಸಣ್ಣಗೆ ನೀರು ಹಾರಬೇಕು. ಅದು ನಿಂತರೆ ಕೂಡಲೇ ದಂಡಿಗೆ ಬರ್ರಿ. ನಮ್ಮ ಕಡೆ ಪ್ರವಾಹ ಅಂದರೆ ಕಬ್ಬಿನ ರವದಿ, ಪ್ಲಾಸ್ಟಿಕ್ ಎಲ್ಲಾ ತೇಲಿ ಬರತಾವ. ನೀರು ಎಳಿಯೋ ಜಾಗ ಕಟ್ಟಿಕೊಂಡರೆ ಇಂಜಿನ್ ಕಾದು ಜಾಮ್ ಆಗತೈತಿ.

ಕಡೇ ಮಾತು, ಇದು ಬೋಟಿಗಿಂತ ನಿಮ್ಮ ಮನೆಯ ಔಷಧ ಪಂಪಿಗೆ ಹೆಚ್ಚು ಉಪಯೋಗ. ಈಗಿನ ಪೆಟ್ರೋಲ್‌ನಾಗ ಶೇಕಡಾ 20ರ ತನಕ ಎಥೆನಾಲ್ ಐತಿ. ನಮ್ಮ ಹೊಲದ ಕಬ್ಬಿನಿಂದಲೂ ಅದೇ ಆಗೋದು. ಅದರಿಂದ ರೈತಗೆ ಅನುಕೂಲ, ಒಪ್ಪಿದೆ. ಆದರೆ ಎಥೆನಾಲ್ ನೀರು ಹೀರತೈತಿ. ತಿಂಗಳುಗಟ್ಟಲೆ ಇಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂಡತೈತಿ, ಜೆಟ್‌ನಾಗ ಅಂಟು ಕಟ್ಟತೈತಿ. ಅದಕ್ಕೇ ಮಷೀನು ಎತ್ತಿಡುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗೇ ನಿಲ್ಲೋ ತನಕ ಓಡಸ್ರಿ. ಬಟ್ಟಲು ಖಾಲಿ ಆಗತೈತಿ. ಜೆಟ್ ಕಟ್ಟಿದ್ದರೆ ತಂತಿ ಚುಚ್ಚಬ್ಯಾಡ್ರಿ, ತೂತು ದೊಡ್ಡದಾಗತೈತಿ. ಗಾಳಿ ಹೊಡೀರಿ.

ಬೋಟ್ ಇಟ್ಟವರಿಗೂ ಒಂದು ವಿನಂತಿ. ಮಳಿಗಾಲಕ್ಕಿಂತ ಮೊದಲು ಇಂಜಿನ್ ಚಾಲೂ ಮಾಡಿ ನೋಡೋದು ಸಾಕಾಗೂದಿಲ್ಲ. ಕಾಯಿಸಿ, ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ನೋಡ್ರಿ. ನಮಗೆ ಕೈ ಕೊಟ್ಟದ್ದು ಆ ಎರಡನೇ ಸ್ಟಾರ್ಟೇ. ಹುಟ್ಟು, ಹಗ್ಗ, ಹೊಸ ಪ್ಲಗ್ ಯಾವಾಗಲೂ ಬೋಟಿನಾಗೇ ಇರಲಿ.

ಮತ್ತೆ ಹುಡುಗರೇ, ಇದನ್ನ ಕೇಳಿ ಪ್ರವಾಹಕ್ಕೆ ನೀವೇ ಬೋಟ್ ಇಳಿಸಬ್ಯಾಡ್ರಿ. 112ಕ್ಕೆ ಫೋನ್ ಮಾಡ್ರಿ. ಇಂಜಿನ್ ಕೆಟ್ಟರೆ ನನ್ನಂಥವರನ್ನ ಕರೀರಿ, ಈ ಸಲ ಚೋಕ್ ಹಾಕು ಅನ್ನೂದಿಲ್ಲ.