ಚಿಟಿಕೆ ಉಪ್ಪು, ಹಿಡಿ ಬೆಲ್ಲ



ಸಂಶೋಧನೆ ಎಂದೊಡನೆ ನಿಮ್ಮ ಕಣ್ಮುಂದೆ ಬಿಳಿಯ ಕೋಟು, ಸೂಕ್ಷ್ಮದರ್ಶಕ, ಬೆಲೆಬಾಳುವ ಯಂತ್ರಗಳು ಬರಬಹುದು. ಆದರೆ ಕಳೆದ ಶತಮಾನದಲ್ಲಿ ಕೋಟ್ಯಂತರ ಮಕ್ಕಳ ಜೀವ ಉಳಿಸಿದ ಒಂದು ಸಂಶೋಧನೆಯ ಸಾಮಗ್ರಿ ನಿಮ್ಮ ಅಡುಗೆಮನೆಯಲ್ಲಿಯೇ ಇದೆ: ಉಪ್ಪು, ಸಕ್ಕರೆ ಮತ್ತು ನೀರು.

ಕಾಲರಾ ರೋಗಿ ಸಾಯುವುದು ವಾಂತಿಭೇದಿಯಲ್ಲಿ ದೇಹದ ನೀರು ಮತ್ತು ಲವಣ ಹರಿದುಹೋಗುವುದರಿಂದ. ಹಾಗಾದರೆ ನೀರು ಕುಡಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಬರಿಯ ನೀರನ್ನು ರೋಗಪೀಡಿತ ಕರುಳು ಸಾಕಷ್ಟು ಹೀರಿಕೊಳ್ಳಲಾರದು. ಆದರೆ ಸಣ್ಣಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುವ ದಾರಿಯೊಂದಿದೆ. 1960ರಲ್ಲಿ ರಾಬರ್ಟ್ ಕ್ರೇನ್ ಇದನ್ನು ವಿವರಿಸಿದರು. ಕಾಲರಾ ಈ ದಾರಿಯನ್ನು ಮುಚ್ಚುವುದಿಲ್ಲ. ಅವೆರಡೂ ಒಳಹೋದರೆ ನೀರು ಹಿಂಬಾಲಿಸುತ್ತದೆ. 1968ರಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ ಇಂಥ ದ್ರಾವಣವನ್ನು ಕಾಲರಾ ರೋಗಿಗಳಿಗೆ ಕುಡಿಸಿದರು. ರಕ್ತನಾಳದ ಮೂಲಕ ಕೊಡಬೇಕಾಗಿದ್ದ ದ್ರವದ ಅಗತ್ಯ ಶೇಕಡಾ 80ರಷ್ಟು ಇಳಿಯಿತು.

ಇದೆಲ್ಲ ನಡೆದದ್ದು ವೈದ್ಯರ ಕಣ್ಣೆದುರಿನಲ್ಲಿ. ವೈದ್ಯರೇ ಸಾಲದ ಕಡೆ ಏನು ಮಾಡುವುದು?

1971ರ ಯುದ್ಧಕಾಲದಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಡ್ರಿಪ್ ಬಾಟಲಿಗಳು ಮುಗಿಯುತ್ತಿದ್ದವು. ಡಾ. ದಿಲೀಪ್ ಮಹಾಲನಬಿಸ್ ಒಂದು ದಿಟ್ಟ ನಿರ್ಧಾರ ಕೈಗೊಂಡರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೀಳುವಂತೆ ಪೊಟ್ಟಣಗಳನ್ನು ಕಟ್ಟಿಸಿದರು. ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಅದನ್ನು ಕದಡಿಟ್ಟು, ರೋಗಿಯ ತಾಯಿಗೋ ಅಣ್ಣನಿಗೋ ಲೋಟ ಕೊಟ್ಟು ಕುಡಿಸಲು ಹೇಳಿದರು. ಇತರ ಶಿಬಿರಗಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದಾಗ, ಅವರ ತಂಡದ ಆರೈಕೆಯಲ್ಲಿದ್ದವರಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು.

ಇನ್ನು ಉಳಿದದ್ದು ಆಸ್ಪತ್ರೆಯೇ ಇಲ್ಲದ ಹಳ್ಳಿಯ ಮನೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷಗಳಲ್ಲಿ ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಕಾರ್ಯಕರ್ತೆಯರನ್ನು ಕಳುಹಿಸಿತು. ಆ ಮನೆಗಳಲ್ಲಿ ತಕ್ಕಡಿಯಿಲ್ಲ, ಗ್ಲೂಕೋಸಿಲ್ಲ. ಆದ್ದರಿಂದ ಅಳತೆಯೇ ಬದಲಾಯಿತು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಹಾಗಾಗಿ ತಾಯಂದಿರು ತಯಾರಿಸಿದ ದ್ರಾವಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕಾರ್ಯಕರ್ತೆಗೆ ಸಿಗುವ ಹಣವೂ ಆಕೆ ಎಷ್ಟು ಮನೆ ಸುತ್ತಿದಳೆಂಬುದರ ಮೇಲೆ ನಿಂತಿರಲಿಲ್ಲ. ತಾಯಿಗೆ ಪಾಠ ಎಷ್ಟು ನೆನಪಿನಲ್ಲಿ ಉಳಿದಿದೆ ಎಂಬುದನ್ನು ಮತ್ತೊಬ್ಬರು ಹೋಗಿ ಕೇಳಿ ಅಳೆಯುತ್ತಿದ್ದರು.

ಗಮನಿಸಿ ಮಿತ್ರರೇ, ಕರುಳಿನ ಗುಟ್ಟು ಕಂಡುಹಿಡಿದದ್ದು ಸಂಶೋಧನೆಯಾದರೆ, ಅಕ್ಷರ ಬಾರದ ತಾಯಿಯ ಕೈಗೆ ಸರಿಯಾದ ಅಳತೆ ಕೂರಿಸಿದ್ದೂ ಅಷ್ಟೇ ದೊಡ್ಡ ಸಂಶೋಧನೆ. ಎರಡನೆಯದು ನಡೆಯದಿದ್ದರೆ ಮೊದಲನೆಯದು ಪುಸ್ತಕದಲ್ಲೇ ಉಳಿಯುತ್ತಿತ್ತು.

ಈ ಕೆಲಸ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂದಿಗೂ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಎಳೆಯ ಮಕ್ಕಳು ಭೇದಿಗೆ ಬಲಿಯಾಗುತ್ತಿದ್ದಾರೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕದಡಬೇಕೆಂಬುದು ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಿಗೆ ಗೊತ್ತಿದೆ? ಒಂದು ನೋಟ್‌ಪುಸ್ತಕ ಹಿಡಿದು ಹತ್ತು ಮನೆಗಳಲ್ಲಿ ಕೇಳಿ ಬನ್ನಿ. ಗೊತ್ತಿಲ್ಲದವರಿಗೆ ತಿಳಿಸಿ, ತಿಂಗಳು ಕಳೆದ ಮೇಲೆ ಮತ್ತೆ ಹೋಗಿ ಕೇಳಿ. ಆ ಎರಡು ಉತ್ತರಗಳ ನಡುವಣ ವ್ಯತ್ಯಾಸವೇ ನಿಮ್ಮ ಮೊದಲ ಸಂಶೋಧನೆ.