ಡ್ರೈಯರ್ ತರೋಕಿಂತ ಮೊದಲ ಗಾಳಿ ದಾರಿ ನೋಡ್ರಿ

ಇವತ್ತು ಲಾಂಡ್ರಿ ಡ್ರೈಯರ್ ಮಾತು. ಮನ್ಯಾಗಿನ ಸಣ್ಣ ಮಶೀನಲ್ಲ. ಲಾಡ್ಜು, ಹಾಸ್ಟೆಲ್, ನರ್ಸಿಂಗ್ ಹೋಮ್, ದೊಡ್ಡ ಲಾಂಡ್ರಿ ಇಂಥಲ್ಲಿ ಕೂಡಸ್ತಾರಲ್ಲ, ಒಮ್ಮೆಗೆ ಇಪ್ಪತ್ತು, ಮೂವತ್ತು, ಐವತ್ತು ಕಿಲೋ ಅರಿವಿ ಒಣಗಸೋದು, ಅದು.

ಕಲಬುರಗ್ಯಾಗ ಡ್ರೈಯರಾ ಅಂತ ನಗಬ್ಯಾಡ್ರಿ. ಮೇ ತಿಂಗಳದಾಗ 42, 43 ಡಿಗ್ರಿ ಕಾಯೋ ಊರು ಇದು. ಮಾಳಿಗಿ ಮ್ಯಾಲ ಹಾಕಿದ ಚಾದರ ಚಹಾ ಕುಡದು ಏಳೋದ್ರೊಳಗ ಒಣಗಿರ್ತದ. ನಾನೂ ಅದನ್ನೇ ಹೇಳ್ತೀನಿ: ಬ್ಯಾಸಿಗ್ಯಾಗ ಹಗ್ಗ ಇದ್ದಾಗ ಮಶೀನ್ ತಿರುಗಸೋದು ರೊಕ್ಕ ಸುಟ್ಟಂಗ. ಆದ್ರ ಜೂನ್‌ದಿಂದ ಸೆಪ್ಟೆಂಬರ್ ತನಕ ಮಳಿ. ಬ್ರಹ್ಮಪುರದಂಥ ಹಳೇ ಓಣ್ಯಾಗ ಗ್ವಾಡಿಗಿ ಗ್ವಾಡಿ ಹತ್ತಿದ ಮನಿಗೋಳು, ಅರಿವಿ ಹರವಲಿಕ್ಕ ಜಾಗಾ ಎಲ್ಲದ? ಧೂಳಂತೂ ಕೇಳಬ್ಯಾಡ್ರಿ. ದವಾಖಾನಿ ಚಾದರ ಬೀದಿ ಮ್ಯಾಲ ಒಣಗಸಲಿಕ್ಕ ಬರಂಗಿಲ್ಲ. ಹೋಳಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿ ಬಂತಂದ್ರ ಗುಡಿ ಸುತ್ತ ಲಾಡ್ಜಿನ್ಯಾಗ ಮುಂಜಾನಿ ಖಾಲಿ ಆದ ಖೋಲಿ ಮಧ್ಯಾಹ್ನಕ್ಕ ಮತ್ತ ತುಂಬತದ. ಅಂಥಲ್ಲಿ ಡ್ರೈಯರ್ ಬೇಕೇ ಬೇಕು.

ತರೋರು ಏನು ಕೇಳ್ತಾರ? ಎಷ್ಟು ಕಿಲೋ, ಎಷ್ಟು ರೇಟು, ಎಷ್ಟು ಕರೆಂಟು. ಇಷ್ಟೇ. ಗಾಳಿ ಎಲ್ಲಿಂದ ಬರ್ತದ, ಎಲ್ಲಿಗೆ ಹೋಗ್ತದ ಅಂತ ಯಾರೂ ಕೇಳಂಗಿಲ್ಲ. ನನ್ನ ಮಾತು ಇಷ್ಟೇ ಅದ: ಡ್ರೈಯರ್ ಅನ್ನೋದು ಮೊದಲ ಗಾಳಿ ಮಶೀನು, ಆಮ್ಯಾಲ ಬಿಸಿ ಮಶೀನು. ಬೆಂಕಿ ಹತ್ತಿದ ಡ್ರೈಯರ್‌ಗೋಳ ಕಥಿ ತೆಗದು ನೋಡಿದ್ರ, ಭಾಳ ಕಡೆ ಗಾಳಿ ದಾರಿ ಕಟ್ಟಿದ್ದೇ ಮೂಲ ಆಗಿರ್ತದ.

ಒಂದು ಲೆಕ್ಕ ಹಿಡೀರಿ. ಇಪ್ಪತ್ತು ಕಿಲೋ ಚಾದರ ಒಗದು, ಹೈಡ್ರೋ ಅನ್ನೋ ಹಿಂಡೋ ಮಶೀನಿನ್ಯಾಗ ಹಿಂಡಿ ತೆಗದ್ರಿ. ಚಲೋ ಹಿಂಡಿದ್ರೂ ಅದರೊಳಗ ಸುಮಾರು ಹತ್ತು ಲೀಟರ್ ನೀರು ಉಳದಿರ್ತದ. ಆ ಹತ್ತು ಲೀಟರ್ ಮುಕ್ಕಾಲು ತಾಸಿನ್ಯಾಗ ಆವಿ ಆಗಿ ಹೊರಗ ಹೋಗಬೇಕು. ಒಂದು ಲೀಟರ್ ನೀರು ಆವಿ ಮಾಡಲಿಕ್ಕ ಪುಸ್ತಕದ ಲೆಕ್ಕದಾಗ 0.65 ಯೂನಿಟ್ ಆಸುಪಾಸು ಕರೆಂಟ್ ಬೇಕು. ಮಶೀನಿನ್ಯಾಗ ಅದಕ್ಕಿಂತ ಜಾಸ್ತೀನೇ ಹೋಗ್ತದ. ಅದಕ್ಕ ಹಿಂಡೋ ಮಶೀನಿಗೆ ಹಾಕಿದ ರೊಕ್ಕ ಡ್ರೈಯರ್ ಬಿಲ್ಲಿನ್ಯಾಗ ವಾಪಸ್ ಬರ್ತದ.

ಈಗ ಮಶೀನಿನ ಒಳಗ ಬರ್ರಿ. ಬ್ಲೋವರ್ ಖೋಲ್ಯಾಗಿನ ಗಾಳಿ ಎಳಕೊಂತದ. ಆ ಗಾಳಿ ಹೀಟರ್ ದಾಟಿ ಬಿಸಿ ಆಗ್ತದ, ಡ್ರಮ್ಮಿನ್ಯಾಗ ಅರಿವಿ ನಡುವ ಹಾದು ನೀರು ಹೊತಗೊಂತದ, ಜಾಳಿಗಿ ದಾಟಿ ಪೈಪಿನಿಂದ ಹೊರಗ ಬೀಳತದ. ಜಾಳಿಗ್ಯಾಗ ಸಿಗೋದು ಲಿಂಟ್, ಅರಿವಿಯಿಂದ ಉದುರಿದ ಹತ್ತಿ ಪುಡಿ. ಎಲ್ಲಾ ಅಲ್ಲೇ ಸಿಗಂಗಿಲ್ಲ, ಸಣ್ಣದು ಪೈಪಿನೊಳಗ ಹೋಗಿ ಕೂಡ್ತದ. ಹತ್ತಿ, ಒಣಗಿದ್ದು, ಬಿಸಿ ಗಾಳಿ ಬಾಯಾಗ. ಒಂದು ಕಿಡಿ ಸಾಕು.

ಅಮೆರಿಕಾದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಲೆಕ್ಕ ತೆಗದಿತ್ತು. ಅದೂ ಬರೇ ಮನಿಗೋಳ ಡ್ರೈಯರ್‌ಗಳದ್ದು. ವರ್ಷಕ್ಕ ಸುಮಾರು 2,900 ಬೆಂಕಿ. ಅವುಗಳಾಗ 34 ಪರ್ಸೆಂಟಿಗೆ ಕಾರಣ ಒಂದೇ: ಸ್ವಚ್ಛ ಮಾಡಲಾರದ್ದು. ಮನ್ಯಾಗ ವಾರಕ್ಕ ಎರಡು ಮೂರು ಸಲ ತಿರಗೋ ಮಶೀನಿನ ಗತಿ ಇದು. ದಿನಾ ಎಂಟು ತಾಸು ತಿರಗೋದರ ಲೆಕ್ಕ ನೀವೇ ಹಾಕ್ರಿ.

ಪೈಪಿನ ಮಾತಿಗೆ ಬರೋಣ, ಹೆಚ್ಚಿನ ಗಡಬಡ ಆಗೋದು ಇಲ್ಲೇ. ಮಶೀನಿನ ಹಿಂದಿನ ಬಾಯಿ ಎಂಟು ಇಂಚು ಅಂತ ಇಟಗೊಳ್ರಿ. ಬಜಾರದಾಗ ಆರು ಇಂಚಿನ ಪೈಪ್ ಸಿಕ್ಕಿತು; ಮಿಸ್ತ್ರಿ ಅಂತಾನ, "ಎರಡೇ ಇಂಚು ಬಿಡ್ರಿ ಸಾಹುಕಾರ್ರ, ರಿಡ್ಯೂಸರ್ ಹಾಕತೀನಿ." ಎರಡೇ ಇಂಚಲ್ಲ ಅದು. ಎಂಟು ಇಂಚಿನ ಪೈಪಿನ ಬಾಯಿ 50 ಚದರ ಇಂಚು, ಆರು ಇಂಚಿಂದು 28. ಹತ್ತಿರ ಹತ್ತಿರ ಅರ್ಧ ದಾರಿ ಮುಚ್ಚಿದಂಗಾಯ್ತು. ಅಷ್ಟೇ ಗಾಳಿ ಆ ಸಣ್ಣ ಪೈಪಿನ್ಯಾಗ ದೂಕಬೇಕಂದ್ರ ಬ್ಲೋವರಿಗೆ ನಾಕು ಪಟ್ಟು ಭಾರ. ಅದು ದೂಕಂಗಿಲ್ಲ. ಗಾಳಿ ಕಮ್ಮಿ ಆಗ್ತದ, ಬಿಸಿ ಒಳಗೇ ಉಳೀತದ, ಲಿಂಟ್ ತಿರುವಿನ್ಯಾಗ ಕೂಡ್ತದ. ಮಶೀನಿನ ಬಾಯಿ ಎಷ್ಟದೋ ಪೈಪ್ ಅಷ್ಟೇ ಇರಬೇಕು, ಇಲ್ಲಾ ದೊಡ್ಡದಿರಬೇಕು. ಸಣ್ಣದು ಎಂದೂ ಬ್ಯಾಡ.

ಪೈಪು ಜಿಐ ಶೀಟಿಂದು, ಒಳಗ ನುಣ್ಣಗ ಇರೋದು. ಪ್ಲಾಸ್ಟಿಕ್ ಪೈಪು, ಪಿವಿಸಿ, ಆ ಸುಕ್ಕು ಸುಕ್ಕು ಬೆಳ್ಳಿ ಹಾಳಿ ಪೈಪು, ಯಾವುದೂ ನಡ್ಯಂಗಿಲ್ಲ. ಸುಕ್ಕಿನ್ಯಾಗ ಲಿಂಟ್ ಸಿಗತದ, ಪ್ಲಾಸ್ಟಿಕ್ ಬೆಂಕಿಗೆ ತಾನೇ ಕಟ್ಟಿಗಿ ಆಗ್ತದ. ಜೋಡಸೋವಾಗ ಮೊದಲಿನ ಪೈಪಿನ ತುದಿ ಮುಂದಿನ ಪೈಪಿನ ಒಳಗ ಹೋಗಬೇಕು, ಗಾಳಿ ಹೋಗೋ ದಿಕ್ಕಿಗೆ. ಸ್ಕ್ರೂ ಹೊಡದು ಬಿಗಿ ಮಾಡಬ್ಯಾಡ್ರಿ. ಒಳಗ ಚಾಚಿದ ಸ್ಕ್ರೂ ತುದಿಗೆ ಲಿಂಟ್ ಸಿಕ್ಕು ಜಡಿ ಕಟ್ಟತದ. ಹೊರಗಿಂದ ಕ್ಲಾಂಪ್ ಹಾಕಿ, ಲೋಹದ ಟೇಪ್ ಸುತ್ತರಿ.

ಉದ್ದ ಎಷ್ಟು? ನಿಮ್ಮ ಮಶೀನಿನ ಕೈಪಿಡಿ ಹೇಳಿದಷ್ಟು. ಇಂಥ ದೊಡ್ಡ ಡ್ರೈಯರಿನ ಕೈಪಿಡ್ಯಾಗ 14 ಅಡಿ ಉದ್ದ, ಎರಡು ತಿರುವು ಅಂತ ಮಿತಿ ನೋಡಿದ್ದದ. ಹದಿನಾಕು ಅಡಿ ಅಂದ್ರ ಒಂದು ಅಂತಸ್ತು ಏರೋದ್ರೊಳಗ ಮುಗೀತದ. ನೆಲಮಾಳಿಗ್ಯಾಗ ಮಶೀನ್ ಇಟ್ಟು ಮೂರನೇ ಅಂತಸ್ತಿನ ಮಾಳಿಗಿ ತನಕ ಪೈಪ್ ಒಯ್ಯೋರು ಇದನ್ನ ಕೇಳಬೇಕು. ಅಷ್ಟು ಉದ್ದ ಒಯ್ಯೋದೇ ಆದ್ರ ಲೆಕ್ಕ ಹಾಕಿ ದೊಡ್ಡ ಡಕ್ಟು, ನಡುವ ಬೂಸ್ಟರ್ ಫ್ಯಾನು, ಅದಕ್ಕ ಎಂಜಿನಿಯರ್ರು ಬೇಕು. ಅದಕ್ಕಿಂತ ಡ್ರೈಯರನ್ನೇ ಹೊರಗಿನ ಗ್ವಾಡಿಗೆ ಹತ್ತಿ ಇಡೋದು ಶಾಣ್ಯಾತನ.

ಗ್ವಾಡಿ ಅಂದೆ. ಹಳೇ ಮನಿಗೋಳ ಕಲ್ಲು ಮಣ್ಣಿನ ಗ್ವಾಡಿ ಎರಡು ಅಡಿ ದಪ್ಪ ಇರ್ತದ. ತೂತು ಕೊರಿಯೋ ಖರ್ಚು ಮೊದಲೇ ಕೇಳಿ ಇಟಗೊಳ್ರಿ, ಇಲ್ಲಂದ್ರ ಕಡೀಕ ಮಿಸ್ತ್ರಿ ಖಿಡಕ್ಯಾಗಿಂದ ಪೈಪ್ ಹಾಯಸಿ ಹೋಗ್ತಾನ. ತೊಲಿ ಮಾಳಿಗಿ ಇದ್ರ ಪೈಪು ಕಟ್ಟಿಗಿಗೆ ತಾಕಬಾರದು. ನಡುವ ಜಾಗಾ ಬಿಟ್ಟು, ಬೆಂಕಿ ಹತ್ತಲಾರದ ಸಾಮಾನಿನ ಕವಚ ಹಾಕಬೇಕು. ಶಹಾಬಾದ್ ಫರ್ಸಿ ನೆಲದ ಕೆಳಗ ಮಣ್ಣು ಟೊಳ್ಳು ಇದ್ರ ಮಶೀನಿನ ಭಾರಕ್ಕ ಫರ್ಸಿ ಒಡೀತದ, ಮಶೀನ್ ವಾಲತದ. ಮಶೀನಿನ ಹಿಂದ ಕನಿಷ್ಠ ಎರಡು ಅಡಿ ಬಿಡ್ರಿ. ಮನಷ್ಯಾ ಹೋಗಲಾರದ ಜಾಗಾದಾಗ ಕಸಬರಗೀನೂ ಹೋಗಂಗಿಲ್ಲ.

ಪೈಪಿನ ಹೊರಗಿನ ತುದಿ ಯಾವ ಕಡೆ? ನಮ್ಮ ಕಡೆ ಮಳಿಗಾಲದ ಗಾಳಿ ಪಡುವಣದಿಂದ, ನೈರುತ್ಯದಿಂದ ಬೀಸತದ. ಪಡುವಣ ಗ್ವಾಡಿಗೆ ಬಾಯಿ ತೆಗದ್ರ ಡ್ರೈಯರ್ ಬೇಕಾಗೋ ಆ ನಾಕು ತಿಂಗಳೂ ಗಾಳಿ ಎದುರಿಗೆ ಊದಬೇಕು. ಮೂಡಣ ಇಲ್ಲಾ ಬಡಗಣ ಕಡೆ ತೆಗೀರಿ. ಬಾಯಿ ಕೆಳಮುಖ ಇರಲಿ, ಮಳಿ ಹೊಕ್ಕಬಾರದು. ನೆರೆಮನಿಯವರ ಖಿಡಕಿಗೆ ಎದುರು ಬ್ಯಾಡ. ಬಿಸಿ ಹಸಿ ಗಾಳಿ, ಮ್ಯಾಲ ಹತ್ತಿ ಪುಡಿ, ಜಗಳಾ ಖಾಯಂ. ಆಮ್ಯಾಲ ಪಾರಿವಾಳ. ತೆರದ ಪೈಪ್ ಕಂಡ್ರ ಗೂಡು ಕಟ್ಟೇ ಕಟ್ತಾವ. ಅದಕ್ಕ ಸಣ್ಣ ಕಣ್ಣಿನ ಜಾಳಿಗಿ ಹೊಡದು ಬಿಡ್ತಾರ, ಅದು ಇನ್ನೂ ಕೆಟ್ಟದ್ದು: ತಿಂಗಳದಾಗ ಜಾಳಿಗಿ ತುಂಬ ಲಿಂಟ್ ಹತ್ತಿ ಕಂಬಳಿ ಆಗಿರ್ತದ. ಗಾಳಿ ಬಂದಾಗ ತೆರದು, ನಿಂತಾಗ ತಾನೇ ಮುಚ್ಚೋ ಡ್ಯಾಂಪರ್ ಹಾಕಸ್ರಿ. ಹಕ್ಕಿನೂ ಬರಂಗಿಲ್ಲ, ಲಿಂಟೂ ನಿಲ್ಲಂಗಿಲ್ಲ.

ಹೊರಗ ಹೋದಷ್ಟು ಗಾಳಿ ಒಳಗ ಬರಬೇಕಲ್ರಿ? ಧೂಳಂತ ಖಿಡಕಿ ಮುಚ್ಚಿ, ಬಾಗಲಾ ಹಾಕಿ ಡ್ರೈಯರ್ ಓಡಸೋದು ಮೂಗು ಮುಚಗೊಂಡು ಓಡಿದಂಗ. ಪರೀಕ್ಷೆ ಸುಲಭ ಅದ. ಎಲ್ಲಾ ಡ್ರೈಯರ್ ಚಾಲೂ ಮಾಡಿ, ಬಾಗಲ ಸಂದಿಗೆ ಒಂದು ತೆಳ್ಳನ ಹಾಳಿ ಪಟ್ಟಿ ಹಿಡೀರಿ. ಅದು ಜೋರಾಗಿ ಒಳಗ ಎಳದ್ರ, ಇಲ್ಲಾ ಬಾಗಲಾ ತೆಗೀಲಿಕ್ಕ ಬಿಗಿ ಆದ್ರ, ಖೋಲಿಗೆ ಗಾಳಿ ಸಾಲವಲ್ದು. ಮಶೀನ್ ಹಿಂದಿನ ಗ್ವಾಡ್ಯಾಗ ಗಾಳಿ ಕಿಂಡಿ ತೆಗಸ್ರಿ. ಕಿಂಡಿಗೆ ಪಟ್ಟಿ ಜಾಳಿಗಿ ಹಾಕಿದ್ರ ಗಾಳಿ ಬರೋ ಜಾಗಾ ಕಮ್ಮಿ ಆಗ್ತದ, ಅದನ್ನ ಲೆಕ್ಕದಾಗ ಹಿಡೀರಿ.

ಗ್ಯಾಸ್ ಡ್ರೈಯರ್ ಇದ್ರ ಇದು ಜೀವದ ಮಾತು. ಗಾಳಿ ಸಾಲದಿದ್ರ ಉರಿ ಸರಿಯಾಗಿ ಉರ್ಯಂಗಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟತದ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ತಲಿ ನೋವು ಬಂತು, ಮಂದಿ ಮಲಗಿಬಿಟ್ರು, ಅಷ್ಟೇ. ಅದೇ ಖೋಲ್ಯಾಗ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಚ್ಚಿದ್ರ ಉರಿಯ ಹೊಗಿ ವಾಪಸ್ ಒಳಗ ಎಳಕೊಂತದ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲದ ಮ್ಯಾಲ ಹರದು ತಗ್ಗಿನ್ಯಾಗ ನಿಲ್ಲತದ. ಅದಕ್ಕ ನೆಲಮಾಳಿಗ್ಯಾಗ ಗ್ಯಾಸ್ ಡ್ರೈಯರ್ ಬ್ಯಾಡೇ ಬ್ಯಾಡ. ಸಿಲಿಂಡರ್ ಹೊರಗ, ನೆಳ್ಳಾಗ ಇರಲಿ, ಅದೂ 19 ಕಿಲೋದ ಕಮರ್ಷಿಯಲ್ಲು; ಮನಿ ಸಿಲಿಂಡರ್ ಧಂಧೆಕ್ಕ ಬಳಸೋದು ಕಾಯ್ದೆಕ್ಕ ವಿರುದ್ಧ. ಸೋರಿಕಿ ನೋಡಲಿಕ್ಕ ಸಾಬೂನ್ ನೀರು, ಕಡ್ಡಿ ಗೀರಬ್ಯಾಡ್ರಿ. ವಾಸನಿ ಬಂದ್ರ ವಾಲ್ವ್ ಮುಚ್ಚಿ, ಸ್ವಿಚ್ ಮುಟ್ಟಲಾರದ ಹೊರಗ ಬಂದು 1906ಕ್ಕ ಫೋನ್ ಹಚ್ಚರಿ.

ಕರೆಂಟಿಂದು ಚುಟುಕಾಗಿ ಹೇಳ್ತೀನಿ. 18 ಕಿಲೋವ್ಯಾಟ್ ಹೀಟರ್ ಅಂದ್ರ 415 ವೋಲ್ಟಿನ ತ್ರೀ ಫೇಜಿನ್ಯಾಗ ಒಂದೊಂದು ಫೇಜಿಗೆ 25 ಆಂಪಿಯರ್, ಮೋಟಾರ್ ಬಿಟ್ಟು. ಮೊದಲ ಜೆಸ್ಕಾಂಗೆ ಹೋಗಿ ಮಂಜೂರಾದ ಲೋಡ್ ಏರಸ್ರಿ, ಬೋರ್ಡಿನಿಂದ ಬ್ಯಾರೆ ಲೈನ್ ಎಳಸ್ರಿ, ಅರ್ಥಿಂಗ್ ಮೀಟರ್ ಹಚ್ಚಿ ನೋಡಸ್ರಿ. ಭಾಳ ಮಂದಿಗೆ ಗೊತ್ತಿರಲಾರದ್ದು ಒಂದದ: ಕಂಬದ ಮ್ಯಾಲ ಲೈನ್ ರಿಪೇರಿ ಆದಾಗ ಫೇಜ್ ಅದಲು ಬದಲಾದ್ರ, ತ್ರೀ ಫೇಜ್ ಬ್ಲೋವರ್ ಉಲ್ಟಾ ತಿರಗತದ. ಸಪ್ಪಳ ಅದೇ, ಗಾಳಿ ಮಾತ್ರ ಭಾಳ ಕಮ್ಮಿ. ರಿಪೇರಿ ಆದ ದಿನಾ ಹೊರಗಿನ ಪೈಪಿನ ಬಾಯಿಗೆ ಕೈ ಹಿಡದು ನೋಡ್ರಿ.

ಗಾಳಿ ಕಟ್ಟಿದಾಗ ಮಶೀನ್ ತಾನೇ ಹೇಳ್ತದ. ಬಿಸಿ ಮಿತಿ ಮೀರಿದ್ರ ಥರ್ಮೋಸ್ಟಾಟ್ ಟ್ರಿಪ್ ಆಗಿ ಹೀಟರ್ ಬಂದ್ ಆಗ್ತದ. ಎರಡು ಸಲ, ಮೂರು ಸಲ ಆಗ್ತದ. ಆಗ ಯಾರಾದ್ರೂ ಒಬ್ರು, "ಇದರದೇ ಕಿರಿಕಿರಿ, ಡೈರೆಕ್ಟ್ ಮಾಡಿಬಿಡ್ತೀನಿ" ಅಂತ ಎರಡು ವಾಯರ್ ಕೂಡಸಿ ಟೇಪ್ ಸುತ್ತಿ ಹೋಗ್ತಾರ. ಅವತ್ತಿನಿಂದ ಆ ಮಶೀನಿಗೆ ಕಾವಲು ಇಲ್ಲ. ಟ್ರಿಪ್ ಆದ್ರ ವಾಯರ್ ನೋಡೋಕಿಂತ ಮೊದಲ ಪೈಪ್ ಬಿಚ್ಚಿ ನೋಡ್ರಿ.

ಇನ್ನ ಮಶೀನಿಗೆ ಏನು ಹಾಕಬಾರದು. ಪೆಟ್ರೋಲ್ ವಾಶ್ ಮಾಡಿದ ಅರಿವಿ, ಪೆಟ್ರೋಲ್ ಹಚ್ಚಿ ಕಲೆ ತೆಗದ ಅರಿವಿ ಡ್ರೈಯರಿಗೆ ಹಾಕೋದಂದ್ರ ಬಾಂಬ್ ಇಟ್ಟಂಗೇ. ಡ್ರೈ ಕ್ಲೀನಿಂಗ್ ಸಾಲ್ವೆಂಟ್ ಇರೋ ಖೋಲ್ಯಾಗ ಗ್ಯಾಸ್ ಡ್ರೈಯರೂ ಬ್ಯಾಡ. ಪೆಟ್ರೋಲಿನ ಆವಿ ಉರಿಗೆ ಹತ್ತತದ, ಕ್ಲೋರಿನ್ ಇರೋ ಸಾಲ್ವೆಂಟಿನ ಆವಿ ಉರಿಗೆ ಬಿದ್ರ ಆಮ್ಲ ಆಗಿ ಮಶೀನೂ ತಿಂತದ, ಮನಷ್ಯಾನ ಎದೀನೂ ತಿಂತದ.

ಖಾನಾವಳಿ ಅರಿವಿ ಬಗ್ಗೆ ಜರಾ ನಿಂತು ಹೇಳ್ತೀನಿ, ಇದು ನಮ್ಮ ಕಡೆಯದೇ ಮಾತು. ನಮ್ಮ ಅಡಗ್ಯಾಗ ಕುಸುಬಿ ಎಣ್ಣಿ ನಡೀತದ. ಕುಸುಬಿ ಗಾಳಿಗೆ ಒಣಗೋ ಜಾತಿ ಎಣ್ಣಿ. ಪೇಂಟು, ವಾರ್ನಿಶಿಗೂ ಅದನ್ನ ಬಳಸ್ತಾರ. ಇಂಥ ಎಣ್ಣಿ ಗಾಳ್ಯಾಗಿನ ಆಮ್ಲಜನಕದ ಜೊತಿ ಕೂಡೋವಾಗ ತಾನೇ ಶಾಖ ಹುಟ್ಟಸ್ತದ. ಒಮ್ಮೆ ಒಗದ್ರ ಎಣ್ಣಿ ಪೂರಾ ಹೋಗಂಗಿಲ್ಲ. ಅಂಥ ಅರಿವಿ ಡ್ರೈಯರಿನ್ಯಾಗ ಕಾಯಿಸಿ, ಬಿಸಿ ಬಿಸಿ ಇದ್ದಾಗಲೇ ಮಡಚಿ ಗಂಟು ಕಟ್ಟಿ ಇಟ್ರ ಶಾಖ ಹೊರಗ ಹೋಗಲಿಕ್ಕ ದಾರಿ ಇರಂಗಿಲ್ಲ. ತಾಸೆರಡು ತಾಸಿನ ಮ್ಯಾಲ, ಎಲ್ಲಾರೂ ಮಲಗಿದಾಗ, ಕಡ್ಡಿ ಗೀರದೇನೇ ಬೆಂಕಿ ಹತ್ತತದ. ಮಸಾಜ್ ಎಣ್ಣಿ ಟಾವೆಲ್ಲಿಗೂ ಇದೇ ಮಾತು. ಎಣ್ಣಿ ಅರಿವಿಗೆ ಹಗ್ಗಾನೇ ಗತಿ. ಉಳಿದ ಅರಿವಿಗೂ ಕಡೀ ಹತ್ತು ನಿಮಿಷ ಬಿಸಿ ಬಂದ್ ಮಾಡಿ ತಣ್ಣನ ಗಾಳಿ ಕೊಡಲೇಬೇಕು. ನಡುವ ಕರೆಂಟ್ ಹೋದ್ರ, ನಮ್ಮೂರಾಗ ಹೋಗೇ ಹೋಗ್ತದ, "ಬಂದ ಮ್ಯಾಲ ಮುಂದ ತಿರಗತದ" ಅಂತ ಬಿಟ್ಟು ಚಹಾಕ್ಕ ಹೋಗಬ್ಯಾಡ್ರಿ. ಬಿಸಿ ಅರಿವಿ ತೆಗದು ನೆಲದ ಮ್ಯಾಲ ಹರವರಿ.

ಜಾಳಿಗಿ ಪ್ರತಿ ಲೋಡಿಗೆ ಝಾಡಸ್ರಿ. ಮಶೀನಿನ ಹಿಂದ ಕೆಳಗ ವಾರಕ್ಕೊಮ್ಮೆ. ಪೈಪು ಆರು ತಿಂಗಳಿಗೊಮ್ಮೆ ಬಿಚ್ಚಬೇಕು, ಕೆಲಸ ಜೋರಿದ್ರ ಮೂರು ತಿಂಗಳಿಗೇ. ಬಿಚ್ಚಲಿಕ್ಕ ಬರೋ ಹಂಗ ತಿರುವಿನ್ಯಾಗ ಸಣ್ಣ ಬಾಗಲಾ ಇಡಸ್ರಿ. ಖಂಡೇನವಮಿಗೆ ಮಶೀನಿಗೆ ಕುಂಕುಮ ಹಚ್ಚಿ, ನಿಂಬಿಹಣ್ಣು ಒಡೀತೀರಿ, ಬ್ಯಾಡ ಅನ್ನಂಗಿಲ್ಲ. ಹಿಂದಿನ ದಿನಾ ಪೈಪ್ ಬಿಚ್ಚಿ ಒಳಗಿಂದು ತೆಗದು ಆಮ್ಯಾಲ ಪೂಜಾ ಮಾಡ್ರಿ. ಒಂದು ವೇಳೆ ಒಳಗ ಬೆಂಕಿ ಕಂಡ್ರ ಡ್ರಮ್ಮಿನ ಬಾಗಲಾ ತೆಗೀಬ್ಯಾಡ್ರಿ, ತೆಗದ್ರ ಗಾಳಿ ಸಿಕ್ಕು ಭುಗಿಲ್ ಅಂತದ. ಮೇನ್ ಬಂದ್ ಮಾಡಿ, ಗ್ಯಾಸ್ ಬಂದ್ ಮಾಡಿ, ಮಂದಿನ್ನ ಹೊರಗ ಕಳಿಸಿ 101 ಇಲ್ಲಾ 112ಕ್ಕ ಫೋನ್ ಹಚ್ಚರಿ.

ಕಡೀ ಮಾತು, ಡ್ರೈಯರ್ ತಗೊಳ್ಳೋರಿಗೆ. ಕೊಟೇಶನ್ ಕೈಗೆ ಬಂದಾಗ ಮಶೀನಿನ ರೇಟ್ ಕೆಳಗ ಡಕ್ಟಿನ ಅಳತಿ, ತಿರುವು ಎಷ್ಟು, ಗಾಳಿ ಕಿಂಡಿ ಎಷ್ಟು ಅಂತ ಬ್ಯಾರೆ ಸಾಲು ಅದನೋ ಇಲ್ಲೋ ನೋಡ್ರಿ. ಇಲ್ಲಂದ್ರ ರೇಟ್ ಎಷ್ಟೇ ಕಮ್ಮಿ ಇರಲಿ, ಆ ಕೊಟೇಶನ್ ವಾಪಸ್ ಕಳಿಸ್ರಿ.